ಗುಬ್ಬಿಯ ಬೆರಳಿಗೆ ಊರೆಲ್ಲ ಕೊಟ್ಟ ಮದ್ದು

ಐವತ್ತು ದಾಟಿದ, ದಪ್ಪ ಕನ್ನಡಕದ, ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವ ಹೆಂಗಸಿಗೆ ಗುಬ್ಬಿ ಅಂತ ಹೆಸರು ಎಂದರೆ ಯಾರಿಗಾದರೂ ನಗು ಬಂದೀತು. ನಗಲಿ, ಅವಳೂ ನಗುತ್ತಾಳೆ. ಈ ಹೆಸರನ್ನು ಬಾಯಿಂದ ಕರೆಯುವವರು ಕಡಿಮೆ. ಹೆಬ್ಬೆರಳು ತೋರುಬೆರಳು ಸೇರಿಸಿ ಗಲ್ಲದ ಪಕ್ಕ ಕೊಕ್ಕಿನ ಹಾಗೆ ಎರಡು ಸಲ ಬಡಿದರೆ ಆಯಿತು, ಊರಿನ ಕಿವಿ ಕೇಳದವರಿಗೆಲ್ಲ ಅದು ಅವಳೇ. ಹೆತ್ತ ತಾಯಿ ಇಟ್ಟ ಹೆಸರು. ಅಪ್ಪನಿಗೂ ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ, ಮಗಳಿಗೆ ಕೇಳುತ್ತಿತ್ತು. ಕೂಸು ಕೈಯಲ್ಲೂ ಮಾತಾಡುತ್ತಿತ್ತು, ಬಾಯಲ್ಲೂ ಮಾತಾಡುತ್ತಿತ್ತು, ಎರಡಕ್ಕೂ ಬಿಡುವೆಂಬುದೇ ಇರಲಿಲ್ಲ. ಅವಳ ತುಟಿ ಆಡುವುದನ್ನು ನೋಡಿ ನೋಡಿಯೇ ಸುಸ್ತಾಗಿ ಅಮ್ಮ ಗುಬ್ಬಿ ಅಂತ ಕರೆದುಬಿಟ್ಟಳು.

ಅಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ದುಡಿದವಳು. ಒಂದು ಹೊಲಿಗೆ ತಪ್ಪಿದರೆ ಇಡೀ ಪುಸ್ತಕ ಬಿಚ್ಚಿ ಮತ್ತೆ ಹೊಲಿಯುವ ಆಸಾಮಿ. ಅದೇ ಕಟ್ಟುನಿಟ್ಟು ಮಗಳ ಮೇಲೂ ಬಿತ್ತು. ಅಂಗಡಿಯ ಕಟ್ಟೆಗೆ ಗಲ್ಲ ಎಟುಕುವ ವಯಸ್ಸಿನಿಂದಲೇ ಗುಬ್ಬಿ ಅಮ್ಮನಿಗೂ ಲೋಕಕ್ಕೂ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ಒಮ್ಮೆ ಅಂಗಡಿಯವನು ಅಮ್ಮನ ಬಗ್ಗೆ ಹಗುರವಾಗಿ ಏನೋ ಅಂದ. ಅಮ್ಮನಿಗೆ ಬೇಜಾರಾದೀತೆಂದು ಹುಡುಗಿ ಅದನ್ನು ನುಂಗಿಕೊಂಡು ಇನ್ನೇನೋ ಹೇಳಿದಳು. ಅಮ್ಮ ಅಂಗಡಿಯವನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಎಲ್ಲ ಗೊತ್ತಾಯಿತು. ರಸ್ತೆಯಲ್ಲೇ ನಿಲ್ಲಿಸಿ ಕೈ ಬೀಸಿ ಬೀಸಿ ಹೇಳಿದಳು:

"ಅವನು ಅಂದಿದ್ದನ್ನ ಅಂದ ಹಾಗೇ ಹೇಳು. ಸೇರಿಸ್ಬೇಡ, ಬಿಡ್ಬೇಡ. ನನ್ನ ಮಾತನ್ನೂ ಅಷ್ಟೇ. ನನ್ನನ್ನ ಕಾಪಾಡೋಕೆ ನೀನ್ಯಾರೇ? ನಾನು ನಿನ್ನ ಅಮ್ಮ."

ಮುಂದೆ ಅದೇ ಅವಳ ಕಸುಬಾಯಿತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಗುಬ್ಬಿ ಕೈಮಾತಿನ ದುಭಾಷಿ. ರೋಗಿ ಕೈಯಲ್ಲಿ ಹೇಳಿದ್ದನ್ನು ಬಾಯಿಂದ ಡಾಕ್ಟರಿಗೆ ಹೇಳಬೇಕು, ಡಾಕ್ಟರು ಹೇಳಿದ್ದನ್ನು ಕೈಯಿಂದ ರೋಗಿಗೆ ಮುಟ್ಟಿಸಬೇಕು. ತನ್ನದೆಂದು ಒಂದಕ್ಷರ ಸೇರಿಸುವ ಹಾಗಿಲ್ಲ. ರೋಗಿಗೆ ಸಿಟ್ಟು ಬಂದರೆ ಆ ಸಿಟ್ಟೂ ದಾಟಬೇಕು. ಒಬ್ಬ ಬಡಗಿ, ತನ್ನನ್ನು ಅಷ್ಟು ಹೊತ್ತು ಕಾಯಿಸಿದರೆಂದು ರೇಗಿ, ಡಾಕ್ಟರನ್ನು ಹಿಗ್ಗಾಮುಗ್ಗಾ ಬೈದ. ಗುಬ್ಬಿ ಆ ಬೈಗುಳವನ್ನೆಲ್ಲ ಅದೇ ರಭಸದಲ್ಲಿ, ಮೇಜು ಕುಟ್ಟಿ ಡಾಕ್ಟರ ಮುಖಕ್ಕೇ ಹೇಳಿದಳು. ಆಮೇಲೆ ಅದೇ ಡಾಕ್ಟರ ಎದುರು ಕೂತು ಚಹಾ ಕುಡಿದಳು.

"ಬೈದಿದ್ದು ಬಡಗಿ ಸಾರ್. ನನ್ನ ಮೇಲೆ ಯಾಕೆ ಮುಖ ಊದಿಸ್ಕೋತೀರ?"

ಅವಳ ಕೈ ಎಂಥದ್ದೆಂದು ತಿಳಿಯಬೇಕಾದರೆ ಹೆರಿಗೆ ಕೋಣೆಯ ಒಂದು ಸಂಗತಿ ಹೇಳಲೇಬೇಕು. ಬೆಸುಗೆ ಕೆಲಸದವನೊಬ್ಬನ ಹೆಂಡತಿಗೆ ಚೊಚ್ಚಲ ಹೆರಿಗೆ. ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳದು. ಮಗು ಹುಟ್ಟಿತು, ಹೆಣ್ಣು. ನರ್ಸು ಒರೆಸುತ್ತಿದ್ದಳು. ಆ ಮನುಷ್ಯ ಮಗುವನ್ನು ಬಿಟ್ಟು ಗುಬ್ಬಿಯನ್ನು ನೋಡುತ್ತಿದ್ದ.

"ಅಳ್ತಿದೆಯಾ?" ಎಂದು ಕೈಯಲ್ಲಿ ಕೇಳಿದ.

"ಅಳ್ತಿದೆ."

"ಹೇಗೆ?"

ಹೇಗೆ ಎಂದರೆ ಏನು ಹೇಳುವುದು? ಅಳುವುದಕ್ಕೊಂದು ಸನ್ನೆ ಇದೆ. ಆ ಮಗುವಿನ ಅಳುವಿಗೆ ಇಲ್ಲವಲ್ಲ. ಗುಬ್ಬಿ ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ತನ್ನೆರಡು ಅಂಗೈಗಳನ್ನು ಅವನ ಎದೆಯ ಮೇಲಿಟ್ಟು ಆ ಅಳುವನ್ನು ನುಡಿಸತೊಡಗಿದಳು. ಮಗು ಕಿರುಚಿದಾಗ ಹತ್ತೂ ಬೆರಳು ನಡುಗಿದವು. ಉಸಿರೆಳೆದುಕೊಂಡಾಗ ಕೈ ಮೇಲೆದ್ದು ನಿಂತಿತು. ಬಿಕ್ಕಿದಾಗ ಕಿರುಬೆರಳೊಂದೇ ಬಡಿಯಿತು. ಕಂಬದಂಥ ಆ ಗಂಡಸು ನಿಂತಲ್ಲೇ ಅತ್ತುಬಿಟ್ಟ. ಹೆರಿಗೆ ಮಾಡಿಸಿ ಮಾಡಿಸಿ ಕಲ್ಲಾಗಿಹೋಗಿದ್ದ ಹಿರಿಯ ನರ್ಸಮ್ಮ ಟವೆಲ್ಲು ಹಿಡಿದುಕೊಂಡು ಸುಮ್ಮನೆ ನಿಂತಳು. ಕೇಳಿಸದವನಿಗೆ ಮಗಳ ದನಿ ಮುಟ್ಟಿಸಿದ ಕೈ ಅದು. ಎರಡು ಅಂಗೈ ಹತ್ತು ಬೆರಳು ಎಲ್ಲರಿಗೂ ಇವೆ, ಅವುಗಳಿಂದ ಇಂಥದ್ದೂ ಸಾಧ್ಯವೇ ಎಂದು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಅಂಥ ಕೈಗೇ ಉರಿಯೂತ ಹಿಡಿಯಿತು.

ಮೊದಮೊದಲು ಬೆಳಗಿನ ಹೊತ್ತು ಮಾತ್ರ. ಎದ್ದಾಗ ಬೆರಳು ಮರಗಟ್ಟಿದ ಹಾಗಿರುತ್ತಿದ್ದವು, ನಲ್ಲಿ ತಿರುಗಿಸಲು ಬರುತ್ತಿರಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡು ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದಳು. ಆಮೇಲೆ ಬಲಗೈಯ ಉಂಗುರಬೆರಳು, ಕಿರುಬೆರಳುಗಳ ಗೆಣ್ಣು ಬಾತುಕೊಂಡವು. ಎಡಗೈಗೂ ನೋವು ಇಳಿಯಿತು. ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಆದರೆ ಅವಳು ಬಚ್ಚಿಡಲು ಹೊರಟದ್ದು ಯಾರಿಂದ? ದಿನವಿಡೀ ಮೈಯೆಲ್ಲ ಕಣ್ಣಾಗಿ ಬದುಕುವ ಜನರಿಂದ. ಮೊದಲು ಹಿಡಿದವನು ಅದೇ ಬಡಗಿ.

"ಏನಕ್ಕಾ, ಪಿಸುಪಿಸು ಅಂತ ಮಾತಾಡ್ತಿದೀಯ? ಗುಟ್ಟೇನಾದ್ರೂ ಹೇಳ್ಬೇಕಾ?"

ನೋವಿಗೆ ಹೆದರಿ ಬೆರಳು ಪೂರಾ ಬಿಚ್ಚದೆ, ಕೈ ಎತ್ತಿ ಬೀಸದೆ ಅವಳ ಸನ್ನೆಗಳು ಸಣ್ಣಗಾಗಿದ್ದವು. ನೋಡುವವರಿಗೆ ಅದು ಬಾಯೊಳಗೇ ಗೊಣಗಿದ ಹಾಗೆ.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ. ದರ್ಜಿ ದಂಪತಿ ಅರಿಶಿನದ ಸಾರಕ್ಕೆ ಕಾಳುಮೆಣಸು ಸೇರಿಸಿದ ಕ್ಯಾಪ್ಸೂಲು ತಂದರು. ಮೆಣಸಿಲ್ಲದಿದ್ದರೆ ಅರಿಶಿನ ಮೈಗೆ ಹತ್ತುವುದಿಲ್ಲವೆಂದು ಗಂಡ ಹೆಂಡತಿ ಒಬ್ಬರ ಕೈಮಾತನ್ನು ಒಬ್ಬರು ತಡೆದು ವಿವರಿಸಿದರು. ಬೆಸುಗೆಯವನು ಮೀನೆಣ್ಣೆ ತಂದ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು ತಾನೇ ಒಣಗಿಸಿ ಕುಟ್ಟಿದ ಶುಂಠಿ ಪುಡಿ ತಂದಳು. ಬಡಗಿ ಅದ್ಯಾವುದೋ ಮರದ ಅಂಟಿನ ಮಾತ್ರೆ ತಂದ, ಮರದ ವಿಷಯ ತನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು ಎಂಬ ಠೀವಿಯಲ್ಲಿ. ಇನ್ನೊಬ್ಬಳು ಹುರಿದ ಅಗಸೆ ಬೀಜ. ಅಡುಗೆಮನೆಯ ಕಿಟಕಿಯಲ್ಲಿ ಡಬ್ಬಿಗಳು ಸಾಲಾಗಿ ನಿಂತು, ಬೆಳಕೇ ಒಳಗೆ ಬರದಂತಾಯಿತು.

"ಇದೇನೇ, ಕಿಟಕೀನೋ ಔಷಧಿ ಅಂಗಡೀನೋ?" ಎಂದ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ.

"ಪ್ರೀತಿಯಿಂದ ತಂದಿದಾರೆ ರೀ. ಬೇಡ ಅನ್ನೋಕೆ ಮನಸ್ಸು ಬರುತ್ತಾ?"

"ಅದಕ್ಕೆ ಎಲ್ಲಾನೂ ನುಂಗ್ತೀಯಾ? ನಿನ್ನೆ ನಿನ್ನ ತೇಗಿಗೆ ಪಕ್ಕದ ಮನೆ ಬೆಕ್ಕು ಬಂದು ಬಾಗಿಲಲ್ಲಿ ಕೂತಿತ್ತು."

ಸುಳ್ಳು ಹೇಳಬಾರದು, ಅವುಗಳಿಂದ ಒಂದಷ್ಟು ಹಿತವಾಗಿದ್ದು ನಿಜ. ಬೆಳಗಿನ ಬಿಗಿತ ಕೊಂಚ ಸಡಿಲಿತು. ಅರಿಶಿನ, ಶುಂಠಿ ಇವೆಲ್ಲ ನಿನ್ನೆ ಮೊನ್ನೆಯವಲ್ಲ, ತಲೆತಲಾಂತರದಿಂದ ಜನ ನಂಬಿ ತಿಂದದ್ದು. ಆದರೆ ಗುಬ್ಬಿ ಯಾರ ಮನಸ್ಸೂ ನೋಯದಿರಲೆಂದು ಎಲ್ಲವನ್ನೂ ಒಟ್ಟಿಗೆ ನುಂಗಿದಳು. ಆಸ್ಪತ್ರೆಗೆ ಹೊರಡುವ ಮೊದಲು ಅಂಗಡಿಯ ನೋವಿನ ಮಾತ್ರೆಯೊಂದನ್ನೂ ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತೋಳಿನ ಮೇಲೆ ಎಲ್ಲಿ ತಗುಲಿತೆಂದೇ ಗೊತ್ತಿಲ್ಲದೆ ನೀಲಿ ಕಲೆಗಳು ಎದ್ದವು. ಉದ್ದ ತೋಳಿನ ಅಂಗಿ ತೊಟ್ಟು ಅವನ್ನೂ ಮುಚ್ಚಿದಳು.

ವಿಚಿತ್ರವೆಂದರೆ, ವಾರಕ್ಕೊಮ್ಮೆ ಅವಳು ನಿಲ್ಲುತ್ತಿದ್ದುದು ಕೀಲು ನೋವಿನ ಡಾಕ್ಟರಮ್ಮನ ಕೋಣೆಯಲ್ಲೇ. ಕಂಡವರ ಮಂಡಿ, ಮೊಣಕೈ, ಸೊಂಟದ ನೋವನ್ನೆಲ್ಲ ತನ್ನದೆಂಬಂತೆ ಹೇಳುತ್ತಿದ್ದಳು, ತನ್ನದನ್ನು ಮಾತ್ರ ಹೇಳಲಿಲ್ಲ. ಕೇಳಿದರೆ, ಆ ಕೋಣೆಯಲ್ಲಿ ತನಗೆ ಸ್ವಂತ ಮಾತಿಲ್ಲ ಎನ್ನುತ್ತಿದ್ದಳು. ಅದು ನೆಪ. ಕೈಗೆ ಕೆಲಸ ಬೇಡ ಎಂದುಬಿಟ್ಟರೆ? ಕಸುಬು ಹೋಗಲಿ, ಮನೆಯಲ್ಲಿ ಅಮ್ಮನ ಗತಿ? ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅಮ್ಮನ ಜೊತೆ ಬಾಯ್ತುಂಬ, ಅಲ್ಲ, ಕೈತುಂಬ ಮಾತಾಡುವವಳು ಗುಬ್ಬಿ ಒಬ್ಬಳೇ. ಅಳಿಯನಿಗೆ ಊಟ, ನೀರು, ಬಾಗಿಲು ಹಾಕಿ ಎಂಬಷ್ಟೇ ಬರುತ್ತಿತ್ತು. ಮಗಳ ಬೆರಳು ಕೊರಡಾದರೆ ಅಮ್ಮ ಜನರ ನಡುವೆಯೇ ಒಂಟಿ.

ಒಂದು ಸಂಜೆ ಅಮ್ಮ ತರಕಾರಿ ಹೆಚ್ಚುತ್ತ ಕೂತಾಗ ಗುಬ್ಬಿ ಆಸ್ಪತ್ರೆಯ ಕಥೆ ಹೇಳುತ್ತಿದ್ದಳು. ನಡುವೆ ಬೆರಳು ಸೆಟೆದುಕೊಂಡಿತು, ಮಾತು ಅರ್ಧಕ್ಕೇ ನಿಂತಿತು.

"ಏನಂದೆ?" ಎಂದು ಕೇಳಿದಳು ಅಮ್ಮ.

ಮಗಳು ಆಡಿದ್ದು ತಿಳಿಯದೆ ಅಮ್ಮ ಮತ್ತೆ ಕೇಳಬೇಕಾದದ್ದು ಹುಟ್ಟಿದಂದಿನಿಂದ ಅದೇ ಮೊದಲು. ಗುಬ್ಬಿ ನಕ್ಕು, ಕಡಿಮೆ ಆಗ್ತಿದೆ, ಅರಿಶಿನ ಕೆಲಸ ಮಾಡ್ತಿದೆ, ಎಂದು ಮಾತು ತೇಲಿಸಿದಳು.

ಮರುದಿನದಿಂದ ಅಮ್ಮನಿಗೆ ಮಂಡಿ ನೋವು ಶುರುವಾಯಿತು. ಕೂತರೆ ನೋವು, ಎದ್ದರೆ ನೋವು, ಗೋಡೆ ಹಿಡಿದು ಕುಂಟುತ್ತ ಬಚ್ಚಲಿಗೆ ಹೋಗುವಳು. "ನಿಮ್ಮ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗು" ಎಂದಳು. ಗಾಬರಿಯಾದ ಗುಬ್ಬಿ ಕರೆದುಕೊಂಡು ಹೋದಳು. ಅಮ್ಮ ತೊಡೆಯ ಮೇಲೆ ದೊಡ್ಡದೊಂದು ಕೈಚೀಲ ಇಟ್ಟುಕೊಂಡು ಡಾಕ್ಟರಮ್ಮನ ಎದುರು ಕೂತಳು.

"ಹೇಳಿ ಅಮ್ಮ, ಏನು ತೊಂದ್ರೆ?"

ಅಮ್ಮನ ಕೈ ಆಡಿತು. ಗುಬ್ಬಿಯ ಬಾಯಿ ಅಭ್ಯಾಸದಂತೆ ಹಿಂದೆಯೇ ಹೊರಟಿತು.

"ನನ್ನ ಮಂಡಿಗೆ ಏನೂ ಆಗಿಲ್ಲ ಡಾಕ್ಟ್ರೇ. ಸುಳ್ಳು ಹೇಳಿ ಬಂದಿದೀನಿ. ಪಕ್ಕದಲ್ಲಿ ಕೂತು ನನ್ನ ಮಾತು ಹೇಳ್ತಿದಾಳಲ್ಲ, ನನ್ನ ಮಗಳು, ಇವಳ ಬೆರಳು..."

ಅಲ್ಲಿಗೆ ನಾಲಿಗೆ ಹೊರಳಲಿಲ್ಲ. ಅಮ್ಮನ ಕೈಯೂ ನಿಂತಿತು. ಮುಂದಕ್ಕೆ ಹೇಳದೆ ಮಗಳ ಮುಖವನ್ನೇ ನೋಡುತ್ತ ಕಾದಳು. ಗುಬ್ಬಿ ಏನು ಬೇಕಾದರೂ ಹೇಳಬಹುದಿತ್ತು. ಡಾಕ್ಟರಮ್ಮನಿಗೆ ಕೈಮಾತು ಬಾರದು, ಅಮ್ಮನಿಗೆ ಕೇಳಿಸದು. ಅಮ್ಮನಿಗೆ ವಯಸ್ಸಾಯಿತು, ಮರೆವು, ಎಂದು ನಕ್ಕು ಎಬ್ಬಿಸಿಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಂಗಡಿಯ ಆ ದಿನದ ಮೇಲೆ ಬದುಕಿಡೀ ಒಬ್ಬರ ಮಾತನ್ನೂ ತಿರುಚದವಳು ಹೆತ್ತವಳ ಮಾತನ್ನು ತಿರುಚುವುದು ಹೇಗೆ? ಗುಬ್ಬಿ ಗಂಟಲು ಸರಿಮಾಡಿಕೊಂಡಳು. ಅಮ್ಮನ ಕೈ ಮತ್ತೆ ಆಡಿತು.

"ಇವಳ ಬೆರಳು ಬಾತುಕೊಂಡಿವೆ. ಬೆಳಿಗ್ಗೆ ನಲ್ಲಿ ತಿರುಗಿಸೋಕಾಗಲ್ಲ. ಬಿಸಿನೀರಲ್ಲಿ ಕೈ ಇಟ್ಕೊಂಡು ಬಚ್ಚಲಲ್ಲಿ ಕೂತು ಅಳ್ತಾಳೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಕಂಡೋರು ಕೊಟ್ಟಿದ್ದನ್ನೆಲ್ಲ ನುಂಗ್ತಾಳೆ. ತೋಳೆಲ್ಲ ನೀಲಿ ಆಗಿದೆ, ಅಂಗಿ ಸರಿಸಿ ನೋಡಿ. ಇವಳು ಊರೋರ ನೋವೆಲ್ಲ ನಿಮ್ಮ ಹತ್ರ ಹೇಳ್ತಾಳೆ. ಇವಳದ್ದು ಹೇಳೋರು ಯಾರೂ ಇರಲಿಲ್ಲ, ಅದಕ್ಕೆ ನಾನು ಬಂದೆ. ಇವಳ ಕೈ ಹೋದ್ರೆ ನನಗೆ ಮಾತಿಲ್ಲ. ಪರವಾಗಿಲ್ಲ, ನಾನು ಇನ್ನೆಷ್ಟು ದಿನ. ನನ್ನ ಮಗುಗೆ ನೋವಾಗ್ತಿದೆ ಡಾಕ್ಟ್ರೇ."

ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಅಳುಕಲಿಲ್ಲ. ನನ್ನ ಮಗುಗೆ ನೋವಾಗ್ತಿದೆ ಎಂಬುದನ್ನೂ ಅಮ್ಮ ಹೇಳಿದಷ್ಟೇ ಗಟ್ಟಿಯಾಗಿ ಗುಬ್ಬಿಯೇ ಹೇಳಿದಳು. ಆ ತಾಯಿಯ ಮನಸ್ಸು ದೊಡ್ಡದೋ, ಆ ಮಗಳದು ದೊಡ್ಡದೋ, ಅಳೆಯುವವರು ಯಾರು? ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎದ್ದು ಬಂದು, ಗುಬ್ಬಿಯ ಎರಡು ಕೈಗಳನ್ನೂ ತಮ್ಮ ಕೈಯೊಳಗೆ ತೆಗೆದುಕೊಂಡರು.

ಒಂದೊಂದೇ ಗೆಣ್ಣು ಒತ್ತಿ ನೋಡುತ್ತ ಅವರು ಏನೇನೋ ಕೇಳುತ್ತಿದ್ದರು, ಗುಬ್ಬಿ ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ಅಮ್ಮನಿಗೆ ತಡೆಯಲಾಗಲಿಲ್ಲ. ಡಾಕ್ಟರಮ್ಮನ ತೋಳು ತಟ್ಟಿ ಕೈ ಆಡಿಸಿದಳು.

"ಏನಂತಾರೆ ಅಮ್ಮ?" ಎಂದು ಡಾಕ್ಟರಮ್ಮ ಗುಬ್ಬಿಯನ್ನು ಕೇಳಿದರು.

"'ಅವಳ ಕೈ ಬಿಡಿ ಸ್ವಲ್ಪ, ನೀವು ಹೇಳೋದು ನನಗೂ ತಿಳೀಬೇಕು' ಅಂತಿದಾರೆ" ಎಂದಳು ಗುಬ್ಬಿ, ಅಳುವಿನ ನಡುವೆಯೇ ನಗು ಬಂದು.

ಕೈಚೀಲದಿಂದ ಕಿಟಕಿಯ ಡಬ್ಬಿಗಳೆಲ್ಲ ಹೊರಗೆ ಬಂದು ಮೇಜಿನ ಮೇಲೆ ನಿಂತವು. ಡಾಕ್ಟರಮ್ಮ ಒಂದೊಂದನ್ನೂ ತಿರುಗಿಸಿ ಓದಿದರು, ನಗಲಿಲ್ಲ.

"ಇವು ಉರಿಯನ್ನ ಸ್ವಲ್ಪ ತಣಿಸಿರಬಹುದು, ಇಲ್ಲ ಅನ್ನಲ್ಲ. ಆದ್ರೆ ನಿಮ್ಮದು ವಯಸ್ಸಿನ ನೋವಲ್ಲ. ಕೀಲನ್ನೇ ತಿನ್ನೋ ಸಂಧಿವಾತದ ಹಾಗೆ ಕಾಣ್ತಿದೆ, ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿ ನೋಡೋಣ. ಮೇಲೆ ಹಿತ ಆಗ್ತಿದ್ರೂ ಒಳಗೆ ಅದು ತಿಂತಾನೇ ಇರುತ್ತೆ. ಮೀನೆಣ್ಣೆ ನಾನು ಹೇಳಿದ ಅಳತೇಲಿ ತಗೊಳ್ಳಿ. ಅಡುಗೆಗೆ ಅರಿಶಿನ, ಶುಂಠಿ ಧಾರಾಳವಾಗಿ ಹಾಕಿ, ಅಗಸೇನೂ ತಿನ್ನಿ. ಆದ್ರೆ ಈ ಸಾರ ಇಳಿಸಿದ ಕ್ಯಾಪ್ಸೂಲು, ಅಂಟಿನ ಮಾತ್ರೆ ಬೇಡ. ನಾನು ಕೊಡೋ ಮದ್ದಿನ ಜೊತೆ ಲಿವರ್‌ಗೆ ಹೊರೆ ಆಗಬಹುದು. ಎಲ್ಲಾ ಒಟ್ಟಿಗೆ ಸೇರಿ, ಜೊತೆಗೆ ನೋವಿನ ಮಾತ್ರೇನೂ ಅಂದ್ರೆ, ತೋಳು ನೀಲಿ ಆಗ್ದೆ ಏನಾಗುತ್ತೆ? ಏನು ತಿಂದ್ರೂ ನನಗೆ ಹೇಳಿ ತಿನ್ನಿ."

ಪರೀಕ್ಷೆಗಳು ಮುಗಿದವು. ಡಾಕ್ಟರಮ್ಮ ಊಹಿಸಿದ ರೋಗವೇ. ಬಲಗೈಯ ಆ ಎರಡು ಬೆರಳು ಇನ್ನು ಪೂರ್ತಿ ನೆಟ್ಟಗಾಗುವುದು ಕಷ್ಟ, ಉಳಿದವನ್ನು ಉಳಿಸಿಕೊಳ್ಳಬಹುದು ಎಂದರು. ಮದ್ದು ಶುರುವಾಯಿತು. ಉರಿ ಇಳಿಯುವವರೆಗೆ ಎರಡು ಕೈಗೂ ಪಟ್ಟಿ ಕಟ್ಟಿ, ಸನ್ನೆ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಗುಬ್ಬಿಗೆ ಸುಮ್ಮನಿರು ಎನ್ನುವುದೇ? ಮೊದಲ ದಿನವೇ ಮೂಲೆಯಲ್ಲಿ ಕೂತು ಕಣ್ಣು, ಹುಬ್ಬು, ಭುಜದಲ್ಲಿ ಮಾತಾಡುತ್ತಿದ್ದಳು. ಗಂಡ ಬೇರೆ ದಾರಿಯಿಲ್ಲದೆ ಅತ್ತೆಯ ಹತ್ತಿರ ಕೈಮಾತಿನ ಪಾಠಕ್ಕೆ ಕೂತ. ಒಮ್ಮೆ ಚಹಾ ಬೇಕಾ ಎಂದು ಕೇಳಲು ಹೋಗಿ ಅತ್ತೆಯನ್ನು ಮದುವೆಯಾಗ್ತೀರಾ ಎಂದು ಕೇಳಿಬಿಟ್ಟ. ಅಮ್ಮ ಗಂಭೀರವಾಗಿ, "ಸಕ್ಕರೆ ಕಡಿಮೆ ಇರಲಿ" ಎಂದು ಉತ್ತರ ಕೊಟ್ಟಳು.

ಮಧ್ಯಾಹ್ನದ ಹೊತ್ತು ಪರಿಚಯದವರೆಲ್ಲ ಬರತೊಡಗಿದರು, ಬಡಗಿ, ಬೆಸುಗೆಯವನು, ದರ್ಜಿ ದಂಪತಿ. ಗುಬ್ಬಿಯನ್ನು ಮಾತಾಡಿಸಿ ಹೊರಗಿನ ಕೋಣೆಗೆ ಹೋಗಿ ಅಮ್ಮನ ಸುತ್ತ ಕೂರುತ್ತಿದ್ದರು. ಏನು ನಡೆಯುತ್ತಿದೆಯೆಂದು ಒಂದು ದಿನ ಬಾಗಿಲಲ್ಲಿ ಇಣುಕಿದಳು. ಎಲ್ಲರೂ ಉಂಗುರಬೆರಳು, ಕಿರುಬೆರಳು ಮಡಚಿಕೊಂಡು, ಥೇಟು ಅವಳ ಹಾಗೆ ಸೊಟ್ಟಗೆ ಸನ್ನೆ ಮಾಡುತ್ತಿದ್ದರು. ಬಡಗಿ ಏನೋ ಮಾಡಿದ, ಉಳಿದವರು ಹೊಟ್ಟೆ ಹಿಡಿದು ನಕ್ಕರು. ಇಷ್ಟು ವರ್ಷ ಇವರ ಬಾಯಾಗಿದ್ದಕ್ಕೆ ಇದೇ ಏನು? ಕಟ್ಟಿದ ಕೈಯಲ್ಲಿ ಬೈಯಲೂ ಆಗದೆ ಬಾಯಿಂದಲೇ ಕೂಗಾಡಿದಳು. ಕೂಗಿದ್ದು ಯಾರಿಗೆ ಕೇಳಬೇಕು?

ಅಮ್ಮನಿಗೆ ಮಗಳ ಮುಖ ಕಂಡಿತು. ಎದ್ದು ಬಂದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಣಕಿಸ್ತಿಲ್ಲ ಕಣೇ ಪೆದ್ದಿ. ನಿನ್ನ ಕೈಗೆ ಯಾವ್ಯಾವ ಮಾತು ಬರಲ್ಲ ಅಂತ ಹುಡುಕ್ತಿದೀವಿ. ಬರದೇ ಇರೋ ಮಾತಿಗೆ ಬೇರೆ ದಾರಿ ಮಾಡ್ತಿದೀವಿ. ನೋಡು."

'ನೋವು' ಎನ್ನುವುದಕ್ಕೆ ಅವರ ಕೈಮಾತಿನಲ್ಲಿ ಐದೂ ಬೆರಳು ಅಗಲಿಸಿ ಹಿಂಡಿದಂತೆ ತಿರುಗಿಸಬೇಕು. ಆಸ್ಪತ್ರೆಯಲ್ಲಿ ಗುಬ್ಬಿ ಎಲ್ಲಕ್ಕಿಂತ ಹೆಚ್ಚು ಆಡುವ ಮಾತು. ಅಮ್ಮ ಎರಡು ಬೆರಳು ಅಂಗೈಗೆ ಮಡಚಿ, ಮೂರರಲ್ಲೇ ಹಿಂಡಿ ತೋರಿಸಿದಳು. ಅದಕ್ಕೇ ಒಮ್ಮತ ಆಗಿತ್ತಂತೆ. ಬಡಗಿ ಹೇಳಿದ ಇನ್ನೊಂದು ಸನ್ನೆ ಬೇರೇನೋ ಪೋಲಿ ಮಾತಿನ ಹಾಗೆ ಕಂಡು ಎಲ್ಲರೂ ನಕ್ಕಿದ್ದು. ಗುಬ್ಬಿ ನಾಚಿ ಅಮ್ಮನ ಹೆಗಲಿಗೆ ತಲೆ ಕೊಟ್ಟಳು. ತನ್ನ ತೊದಲು ಇವರಿಗಾದರೂ ಅರ್ಥವಾಗುತ್ತದಲ್ಲ, ಅಷ್ಟು ಸಾಕು ಎನ್ನಿಸಿತು.

ಪಟ್ಟಿ ಬಿಚ್ಚಿತು. ಎಂಟು ಬೆರಳು ಹೇಳಿದಂತೆ ಕೇಳಿದವು, ಎರಡು ಕೇಳಲಿಲ್ಲ. ಮದ್ದು, ಪರೀಕ್ಷೆ, ಅಳತೆಯ ಮೀನೆಣ್ಣೆ ಎಲ್ಲ ನಡೆಯುತ್ತಿತ್ತು. ಗುಬ್ಬಿ ಅರ್ಧ ದಿನದ ಕೆಲಸಕ್ಕೆ ಮರಳಿದಳು. ಗೊತ್ತಿದ್ದವರ ಜೊತೆ ಸಲೀಸಾಗಿತ್ತು, ಹೊಸಬರು ಬಂದರೆ ಹೇಗೋ ಎಂಬ ಅಳುಕು ಮಾತ್ರ ಬಿಡಲಿಲ್ಲ. ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಡಾಕ್ಟರಮ್ಮನ ಕೋಣೆಗೆ ಬೇರೆ ಊರಿನಿಂದ ಒಬ್ಬ ಯುವತಿ ಬಂದಳು. ಗುಬ್ಬಿ ಅವಳನ್ನು ಕಂಡವಳಲ್ಲ, ಅವಳಿಗೂ ಗುಬ್ಬಿ ಯಾರೆಂದು ತಿಳಿಯದು. ಏನು ತೊಂದರೆ ಎಂದು ಡಾಕ್ಟರಮ್ಮ ಕೇಳಿದರು.

ಯುವತಿ ಸೊಂಟ ಮುಟ್ಟಿಕೊಂಡಳು. ಆಮೇಲೆ ಉಂಗುರಬೆರಳು ಕಿರುಬೆರಳನ್ನು ಅಂಗೈಗೆ ಮಡಚಿ, ಮೂರು ಬೆರಳನ್ನು ಹಿಂಡಿ ತಿರುಗಿಸಿದಳು.

ಗುಬ್ಬಿ ಅವಳ ಬೆರಳುಗಳನ್ನೇ ನೋಡಿದಳು. ಕಸುಬಿಗೆ ಬಂದ ಮೇಲೆ ಮೊದಲ ಸಲ, ಹೇಳಬೇಕಾದ್ದನ್ನು ಬಿಟ್ಟು ತನ್ನದೇ ಪ್ರಶ್ನೆ ಕೇಳಿದಳು.

"ನಿನ್ನ ಬೆರಳಿಗೆ ಏನಾಯ್ತಮ್ಮ?"

"ಬೆರಳಿಗಾ?" ಯುವತಿ ಕೈ ಬಿಚ್ಚಿ ನೋಡಿಕೊಂಡಳು. ಐದೂ ಬೆರಳು ನೆಟ್ಟಗಿದ್ದವು. "ಏನೂ ಆಗಿಲ್ಲ. ನನಗೆ ಸೊಂಟ ನೋವು."

"ಮತ್ತೆ ನೋವು ಅನ್ನೋಕೆ ಎರಡು ಬೆರಳು ಯಾಕೆ ಮಡಚಿದೆ?"

ಯುವತಿ ಅವಳನ್ನು ವಿಚಿತ್ರವಾಗಿ ನೋಡಿದಳು.

"ಮತ್ತಿನ್ನು ಹೇಗೆ ಹೇಳ್ತಾರೆ?"